ದಂಟಿನ ಸೊಪ್ಪಿಗೆ ಬಸ್ಸಾರೇ ಸರಿ

ಹಾಸನದ ಸಂತೆಯಲ್ಲಿ ಆಸೆಬಿದ್ದು ಕೊಂಡ ಎರಡು ಕಟ್ಟು ದಂಟಿನ ಸೊಪ್ಪು, ನಾಲ್ಕು ಎಳೆ ಸೌತೆಕಾಯಿಗೆ ಈ ಸೆಕೆಯಲ್ಲಿ ಏನು ಮಾಡಲಿ ಎಂದು ಕೇಳಿದ್ದೀರಿ. ಸೊಪ್ಪನ್ನು ಇಂದೇ ಮುಗಿಸಿ, ನಾಳೆಗೆ ಬಾಡುತ್ತದೆ. ಅರ್ಧ ಲೋಟ ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ ಬೇಯಿಸಿ, ಬೇಳೆ ಕರಗುವ ಮೊದಲೇ ಬಸಿಯಿರಿ; ಬಸಿದ ನೀರೇ ಕಟ್ಟು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಸೊಪ್ಪನ್ನೂ ರುಬ್ಬಿ ಆ ಕಟ್ಟಿಗೆ ಸೇರಿಸಿ ಕುದಿಸಿದರೆ ಬಸ್ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಕುಕ್ಕರ್ ಬೇಡ, ಬೇಳೆ ನುಣ್ಣಗಾದರೆ ಕಟ್ಟು ಗಂಜಿಯಾಗುತ್ತದೆ. ನಾನೇ ಎರಡು ಸಲ ಕೆಡಿಸಿದ್ದೇನೆ.

ಸೌತೆಕಾಯಿಗೆ ಒಲೆಯೇ ಬೇಡ. ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡಿ. ಉಪ್ಪನ್ನು ಬಡಿಸುವಾಗ ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಬಸ್ಸಾರಿನ ಜೊತೆಗೆ ಮುದ್ದೆ ತೊಳಸಲು ಬೇಸರವಾದರೆ ಅನ್ನವೂ ನಡೆಯುತ್ತದೆ, ಆದರೆ ಈ ಮಾತನ್ನು ನಮ್ಮ ಮನೆಯಲ್ಲಿ ಹೇಳಬೇಡಿ.