ಏಜೆಂಟ್ ಸಹಿ ಕೇಳಿದಾಗ: ಎಳೆಯ ಆಟಗಾರರ ಮನೆಗಳಿಂದ ಬಂದ ಪ್ರಶ್ನೆಗಳು

ಪ್ರಶ್ನೆ: ಮಗನಿಗೆ ಹದಿನೇಳು. ಕಬಡ್ಡಿಯಲ್ಲಿ ಲೆಫ್ಟ್ ಕಾರ್ನರ್, ಜೂನಿಯರ್ ಶಿಬಿರಕ್ಕೂ ಹೋಗಿ ಬಂದಿದ್ದಾನೆ. ಬೆಂಗಳೂರಿನಿಂದ ಬಂದ ಒಬ್ಬರು, ‘ಪ್ರೊ ಕಬಡ್ಡಿಗೆ ಹತ್ತಿಸುವ ಹೊಣೆ ನನ್ನದು. ಐದು ವರ್ಷದ ಕರಾರು, ಅವನ ಎಲ್ಲ ಆದಾಯದಲ್ಲಿ ನೂರಕ್ಕೆ ಇಪ್ಪತ್ತು ನನಗೆ. ಸೋಮವಾರದೊಳಗೆ ಸಹಿ ಬೇಕು’ ಎಂದಿದ್ದಾರೆ. ಹಾಕಬಹುದೇ?
— ಒಬ್ಬ ತಂದೆ, ಶಿರಸಿ

ಉತ್ತರ: ಈಗಿರುವ ರೂಪದಲ್ಲಿ ಬೇಡ.

ದಲಾಲಿ ಎಂದರೇನೆಂದು ಶಿರಸಿಯವರಿಗೆ ಹೇಳಿಕೊಡಬೇಕಿಲ್ಲ. ಅಡಿಕೆ ಚೀಲ ಯಾರ ಅಂಗಡಿಯಲ್ಲಿ ಇಳಿದು ಮಾರಾಟವಾಯಿತೋ ಅವರಿಗೆ ಅದರ ದಲಾಲಿ. ನೀವೇ ಮನೆ ಬಾಗಿಲಲ್ಲಿ ತೂಗಿ ಕೊಟ್ಟ ಕಾಳುಮೆಣಸಿನಲ್ಲೂ ಅವರು ಪಾಲು ಕೇಳಿದರೆ ಒಪ್ಪುವಿರಾ? ಕ್ರೀಡಾ ಏಜೆಂಟರನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಿ. ಅವರಿಲ್ಲದಿದ್ದರೆ ಬರುತ್ತಿರಲಿಲ್ಲ ಎನ್ನುವ ಹಣದಲ್ಲಿ ಮಾತ್ರ ಅವರಿಗೆ ಪಾಲು.

ಪ್ರೊ ಕಬಡ್ಡಿಯ ಈಚಿನ ಹರಾಜುಗಳಲ್ಲಿ ಮೂಲ ಬೆಲೆ ಎ ವರ್ಗಕ್ಕೆ 30 ಲಕ್ಷ, ಬಿ ವರ್ಗಕ್ಕೆ 20, ಸಿ ವರ್ಗಕ್ಕೆ 13, ಡಿ ವರ್ಗಕ್ಕೆ 9 ಲಕ್ಷ ರೂಪಾಯಿ ಇತ್ತು. ಬೆಲೆ ಏರುವುದು ತಂಡಗಳ ನಡುವಿನ ಪೈಪೋಟಿಯಿಂದ, ಏಜೆಂಟರ ಚೌಕಾಶಿಯಿಂದಲ್ಲ. ಮಗ 9 ಲಕ್ಷಕ್ಕೆ ಹೋದನೆಂದು ಇಟ್ಟುಕೊಳ್ಳಿ. ನೂರಕ್ಕೆ 10ರಂತೆ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿಯುವ ಆದಾಯ ತೆರಿಗೆ) ಕಡಿತವಾಗಿ ಕೈಗೆ ಬರುವುದು 8,10,000. ಏಜೆಂಟ್ ಪೂರ್ತಿ 9 ಲಕ್ಷದ ಮೇಲೆ 1,80,000 ಹಿಡಿದರೆ ಉಳಿಯುವುದು 6,30,000. ‘ಖರ್ಚು ವೆಚ್ಚ ಪ್ರತ್ಯೇಕ’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಇದೂ ಕರಗುತ್ತದೆ. ಟ್ರಯಲ್ಸ್ ಸುದ್ದಿ ತಿಳಿಸುವುದು, ಆಟದ ವಿಡಿಯೊ ತಯಾರಿಸುವುದು, ನೋಂದಣಿಯ ಕಾಗದ ಓಡಾಡಿಸುವುದು ನಿಜವಾದ ಕೆಲಸವೇ. ಅದಕ್ಕೆ ಇಷ್ಟೆಂದು ನಿಗದಿ ಮಾಡಿ ಕೊಡಿ. ಶೂ, ಜೆರ್ಸಿ, ಅಂಗಡಿ ಜಾಹೀರಾತಿನಂಥ ಪ್ರಾಯೋಜಕತ್ವವನ್ನು ಏಜೆಂಟ್ ತಾವೇ ಹುಡುಕಿ ತಂದರೆ ನೂರಕ್ಕೆ 10ರಿಂದ 20 ಕೇಳುವುದು ರೂಢಿ, ಅದು ನ್ಯಾಯವೂ ಹೌದು. ಹರಾಜಿನ ಮೊತ್ತ, ಬಹುಮಾನ, ಸರ್ಕಾರಿ ಸಹಾಯಧನ, ಮುಂದೆ ಕ್ರೀಡಾ ಕೋಟಾದಲ್ಲಿ ಸಿಗಬಹುದಾದ ನೌಕರಿಯ ಸಂಬಳ ಇವು ನಾಲ್ಕೂ ಕಮಿಷನ್‌ಗೆ ಸೇರುವುದಿಲ್ಲ ಎಂದು ಹೆಸರು ಹಿಡಿದು ಬರೆಸಿ. ‘ಎಲ್ಲ ಆದಾಯ’ ಎಂಬ ಎರಡು ಪದಗಳನ್ನು ಹೊಡೆದು ಹಾಕಿಸದೆ ಮುಂದಿನ ಮಾತೇ ಬೇಡ.

ಅವಧಿ ಒಂದು ವರ್ಷ ಸಾಕು. ಕೆಲಸ ಹಿಡಿಸಿದರೆ ಮತ್ತೆ ಬರೆದರಾಯಿತು. ಮಧ್ಯದಲ್ಲಿ ಬಿಡಬೇಕೆನಿಸಿದರೆ 30 ದಿನದ ನೋಟಿಸಿನಲ್ಲಿ ಇಬ್ಬರಿಗೂ ಬಿಡುವ ಹಕ್ಕು ಇರಲಿ. ಕರಾರು ತಾನಾಗಿ ನವೀಕರಣವಾಗುತ್ತದೆ ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ, ಅಲ್ಲಿಂದಲೇ ಓದಲು ಶುರುಮಾಡಿ. ಕರಾರು ಮುಗಿದ ಮೇಲೂ ಕಮಿಷನ್ ಬರಬೇಕು ಎಂದರೆ, ಅವಧಿಯಲ್ಲಿ ಅವರು ಕುದುರಿಸಿದ ಒಪ್ಪಂದಗಳಿಗೆ ಮಾತ್ರ ಒಪ್ಪಿ, ಅದಕ್ಕೂ ಕೊನೆಯ ದಿನಾಂಕ ಹಾಕಿಸಿ. ಹಣ ನೇರವಾಗಿ ಮಗನ ಖಾತೆಗೆ ಬಂದು, ಆಮೇಲೆ ಏಜೆಂಟರಿಗೆ ಹೋಗಬೇಕು. ಅವರ ಖಾತೆಗೆ ಬಂದು ನಿಮಗೆ ಹಂಚಿಕೆಯಾಗುವ ಏರ್ಪಾಡಿನಲ್ಲೇ ಅತಿ ಹೆಚ್ಚು ಜಗಳ ಹುಟ್ಟುವುದು, ಏಕೆಂದರೆ ನಿಜವಾಗಿ ಎಷ್ಟು ಬಂತೆಂದು ನಿಮಗೆ ತಿಳಿಯುವುದೇ ಇಲ್ಲ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಿರ್ವಹಿಸುವ ಉಳಿತಾಯ ಖಾತೆಗೆ ಆರ್‌ಬಿಐ ಅವಕಾಶವಿದೆ. ಪಾನ್ ಕಾರ್ಡನ್ನೂ ಈಗಲೇ ಮಾಡಿಸಿ. ಅಪ್ರಾಪ್ತರು ಸ್ವಂತ ಪ್ರತಿಭೆಯಿಂದ ಗಳಿಸಿದ್ದು ತಂದೆತಾಯಿಯ ಆದಾಯಕ್ಕೆ ಸೇರುವುದಿಲ್ಲ, ಅವರದೇ ಲೆಕ್ಕ. ಕಡಿತವಾದ ಟಿಡಿಎಸ್ ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುವ ಸಾಧ್ಯತೆಯೂ ಇದೆ.

ಮುಖ್ತ್ಯಾರನಾಮೆ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕೊಡಬೇಡಿ. ವ್ಯಾಜ್ಯ ಎದ್ದರೆ ‘ಮುಂಬೈ ನ್ಯಾಯಾಲಯ ಮಾತ್ರ’ ಎಂದಿದ್ದರೆ ಶಿರಸಿ ಅಥವಾ ಕಾರವಾರ ಎಂದು ಬದಲಿಸಿ. ಪ್ರತಿ ತಾರೀಖಿಗೆ ಮುಂಬೈ ಬಸ್ಸು ಹತ್ತುವುದು ಯಾವ ಕುಟುಂಬಕ್ಕೂ ಆಗುವ ಮಾತಲ್ಲ, ಆ ಸಾಲು ಹಾಕುವುದೂ ಅದಕ್ಕೇ.

ಇನ್ನು ಆ ವ್ಯಕ್ತಿಯ ಬಗ್ಗೆ. ಎಲ್ಲ ಕ್ರೀಡೆಗೂ ಅನ್ವಯಿಸುವ ಏಜೆಂಟ್ ಲೈಸೆನ್ಸ್ ಕಾನೂನು ನಮ್ಮ ದೇಶದಲ್ಲಿಲ್ಲ. ವಿಸಿಟಿಂಗ್ ಕಾರ್ಡ್ ಯಾರೂ ಅಚ್ಚು ಹಾಕಿಸಬಹುದು, ಆದ್ದರಿಂದ ಪರೀಕ್ಷೆ ನಿಮ್ಮದೇ. ಕಂಪನಿ ಎಂದರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು, ನಿರ್ದೇಶಕರು ಸಿಗುತ್ತಾರೆ. ಜಿಎಸ್‌ಟಿ ಸಂಖ್ಯೆ ಕೊಟ್ಟರೆ ಮೊದಲ ಎರಡು ಅಂಕಿ ನೋಡಿ: ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ಇದಕ್ಕಿಂತ ಮುಖ್ಯವಾದದ್ದು, ಈಗ ಅವರ ಬಳಿ ಇರುವ ಮೂವರು ಆಟಗಾರರ, ಬಿಟ್ಟು ಹೋದ ಇಬ್ಬರ ಫೋನ್ ನಂಬರ್ ಕೇಳಿ. ಬಿಟ್ಟವರ ಮನೆಗೆ ಮೊದಲು ಫೋನ್ ಮಾಡಿ. ‘ಹಣ ಯಾವ ತಾರೀಖಿಗೆ ಬಂತು? ಲೆಕ್ಕ ಕೊಟ್ಟರೇ? ಗಾಯವಾಗಿ ಮಗ ಹೊರಗೆ ಕೂತಾಗ ಬಂದು ನೋಡಿದರೇ?’ ಈ ಮೂರನ್ನು ಕೇಳಿದರೆ ಬೇರೆ ಪ್ರಶ್ನೆ ಬೇಕಾಗುವುದಿಲ್ಲ. ತಂಡದ ಕಡೆಯಿಂದಲೂ ಹಣ ಪಡೆಯುತ್ತೀರಾ ಎಂದು ಏಜೆಂಟರನ್ನೇ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೊನೆಯದಾಗಿ, 18 ತುಂಬದ ಮಗನ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದು ಏಜೆಂಟರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ‘ಪೋಷಕರೂ ಹೊಣೆ’ ಎಂದು ನಿಮ್ಮ ಸಹಿ ಕೇಳುತ್ತಾರೆ. ಆ ಹೊಣೆ ನಿಮ್ಮ ಹೆಗಲ ಮೇಲೆ ನಿಲ್ಲಬಹುದು. ಸೋಮವಾರದ ಗಡುವು ಅವರದ್ದು, ನಿಮ್ಮದಲ್ಲ. ಪ್ರತಿಯನ್ನು ಮನೆಗೆ ತಂದು ವಕೀಲರಿಗೆ ತೋರಿಸಲು ಹದಿನೈದು ದಿನ ಕೇಳಿ. ಕೊಡದಿದ್ದರೆ ಅದೇ ಉತ್ತರ.

ಪ್ರಶ್ನೆ: ಮಗನಿಗೆ ಹದಿನಾರು, ಗೋವಾದ ಕ್ಲಬ್ಬೊಂದರ ಯೂತ್ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ‘ಫಿಫಾ ಏಜೆಂಟ್’ ಎಂದು ಹೇಳಿಕೊಂಡವರು ಪೋರ್ಚುಗಲ್ ಟ್ರಯಲ್ಸ್‌ಗೆ ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಅಲ್ಲಿಯೇ ಕ್ಲಬ್ ಸೇರಿಸುತ್ತಾರಂತೆ.
— ಒಬ್ಬ ತಾಯಿ, ಕಾರವಾರ

ಉತ್ತರ: ಏಜೆಂಟರ ವಿಷಯದಲ್ಲಿ ನಿಯಮ ಸ್ಪಷ್ಟವಾಗಿರುವ ಆಟ ಫುಟ್‌ಬಾಲ್. 2023ರ ಅಕ್ಟೋಬರ್ 1ರಿಂದ ಫಿಫಾ ಪರವಾನಗಿ ಇರುವವರು ಮಾತ್ರ ಈ ಕೆಲಸ ಮಾಡಬಹುದು. ಪರೀಕ್ಷೆ ಪಾಸಾಗಬೇಕು. ಪರವಾನಗಿ ಸಿಗುವುದು ವ್ಯಕ್ತಿಗೆ, ಸಂಸ್ಥೆಗಲ್ಲ. ಹಾಗಾಗಿ ‘ನಮ್ಮ ಏಜೆನ್ಸಿಗೆ ಇದೆ’ ಎಂಬ ಮಾತು ನಡೆಯದು. ಫಿಫಾ ಜಾಲತಾಣದ ಪಟ್ಟಿಯಲ್ಲಿ ಅವರ ಹೆಸರನ್ನು ನೀವೇ ಹುಡುಕಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಅಪ್ರಾಪ್ತರನ್ನು ಪ್ರತಿನಿಧಿಸಲು ಪೋಷಕರ ಲಿಖಿತ ಒಪ್ಪಿಗೆ ಬೇಕು, ಏಜೆಂಟ್ ಅದಕ್ಕೆಂದೇ ಇರುವ ಪ್ರತ್ಯೇಕ ತರಬೇತಿಯನ್ನೂ ಮುಗಿಸಿರಬೇಕು. ಆಟಗಾರನ ಜೊತೆಗಿನ ಕರಾರು ಎರಡು ವರ್ಷ ಮೀರುವಂತಿಲ್ಲ.

ನಾಲ್ಕು ಲಕ್ಷದ ಪ್ರಶ್ನೆಗೆ ಬೇರೆಯೇ ನಿಯಮ ಉತ್ತರ ಕೊಡುತ್ತದೆ. 18ರೊಳಗಿನ ಆಟಗಾರನ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ನಿಷೇಧಿಸಿದೆ. ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿಯೇ ಆ ದೇಶಕ್ಕೆ ವಾಸ ಬದಲಿಸಿದಂಥ ಕೆಲವೇ ವಿನಾಯಿತಿಗಳಿವೆ. ನಿಮ್ಮ ಮಗ ಕಾರವಾರದಿಂದ ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿನ ಕ್ಲಬ್ಬಿನಲ್ಲಿ ನೋಂದಣಿಯಾಗಲು ದಾರಿಯಿಲ್ಲ. ಮೈದಾನ ಬಾಡಿಗೆಗೆ ಹಿಡಿದು, ನಾಲ್ಕು ದಿನ ಅಭ್ಯಾಸ ಮಾಡಿಸಿ, ಫೋಟೊ ತೆಗೆದು ಕಳಿಸುವುದನ್ನೇ ‘ಟ್ರಯಲ್ಸ್’ ಎಂದು ಮಾರುವವರಿದ್ದಾರೆ. ಆ ಹಣದಲ್ಲಿ ಇನ್ನೆರಡು ವರ್ಷದ ರೈಲು ಪ್ರಯಾಣ, ಊಟ, ಫಿಸಿಯೊ ಖರ್ಚು ನೋಡಿಕೊಳ್ಳಿ. ಇಲ್ಲಿಯೇ ಕ್ಲಬ್ಬಿನಿಂದ ವೃತ್ತಿಪರ ಕರಾರು ಬಂದರೂ 18ರೊಳಗೆ ಅದು ಮೂರು ವರ್ಷ ಮೀರಬಾರದು ಎಂಬುದು ನೆನಪಿರಲಿ.

ಪ್ರಶ್ನೆ: ನಾವು ಸಿದ್ದಿ ಸಮುದಾಯದವರು. ತಂಗಿ ಕುಸ್ತಿ ಆಡುತ್ತಾಳೆ. ಕ್ರೀಡಾ ಹಾಸ್ಟೆಲ್ ಸೀಟು ಮತ್ತು ಖೇಲೋ ಇಂಡಿಯಾ ಕೊಡಿಸಲು ಒಬ್ಬರು ಅರವತ್ತು ಸಾವಿರ ಕೇಳಿದ್ದಾರೆ.
— ಹಳಿಯಾಳ ತಾಲ್ಲೂಕು

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಎರಡೂ ಆಯ್ಕೆ ನಡೆಯುವುದು ಆಟ ನೋಡಿ. ಕೇಂದ್ರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾಕ್ಕೆ ಆಯ್ಕೆಯಾದವರಿಗೆ ಸರ್ಕಾರವೇ ವರ್ಷಕ್ಕೆ 6.28 ಲಕ್ಷ ರೂಪಾಯಿ ಲೆಕ್ಕದಲ್ಲಿ ವೆಚ್ಚ ಮಾಡುತ್ತದೆ, ಅದರಲ್ಲಿ ತಿಂಗಳಿಗೆ 10,000 ಕೈಖರ್ಚಿಗೆ. ಹಣ ಬರಬೇಕಾದದ್ದು ನಿಮ್ಮ ಕಡೆಗೆ. ಈಗಾಗಲೇ ಮುಂಗಡ ಫೋನ್‌ನಲ್ಲಿ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸಂದೇಶಗಳನ್ನು ಅಳಿಸಬೇಡಿ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿರುವುದರಿಂದ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ನಿಮ್ಮ ಹಕ್ಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100.

ಪ್ರಶ್ನೆ: ಹದಿನೇಳರಲ್ಲಿ ಒಬ್ಬ ಏಜೆಂಟರ ಕರಾರಿಗೆ ಸಹಿ ಹಾಕಿದೆ, ಈಗ ಹತ್ತೊಂಬತ್ತು. ಮೂಲ ಅಂಕಪಟ್ಟಿ ಅವರ ಬಳಿಯಿದೆ. ‘ಬಿಟ್ಟರೆ ಎರಡು ವರ್ಷ ಎಲ್ಲಿಯೂ ಆಡಲು ಬಿಡುವುದಿಲ್ಲ’ ಎಂದು ಹೆದರಿಸುತ್ತಾರೆ.
— ಕುಮಟಾ

ಉತ್ತರ: ಅಪ್ರಾಪ್ತರ ಕರಾರು ಆರಂಭದಿಂದಲೇ ಅಸಿಂಧು. 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠ) ಹೇಳಿದ್ದು ಇಂದಿಗೂ ನಿಂತಿದೆ. 18 ತುಂಬಿದ ಮಾತ್ರಕ್ಕೆ ಹಳೆಯ ಕಾಗದಕ್ಕೆ ಜೀವ ಬರುವುದಿಲ್ಲ. ಆದರೆ 18ರ ನಂತರ ಹೊಸದಾಗಿ ಏನಾದರೂ ಸಹಿ ಮಾಡಿದ್ದೀರಾ, ತಂದೆತಾಯಿ ಜಾಮೀನು ನಿಂತಿದ್ದಾರಾ ಎಂದು ಮೊದಲು ನೋಡಿ. ಉತ್ತರ ಹೌದಾದರೆ ವಕೀಲರಿಲ್ಲದೆ ಹೆಜ್ಜೆ ಇಡಬೇಡಿ. ಆಗಲೂ ಎರಡು ಆಸರೆಗಳಿವೆ. 1872ರ ಕರಾರು ಕಾಯ್ದೆಯ 213ನೇ ಕಲಮಿನಂತೆ ಕೇಳಿದಾಗ ಏಜೆಂಟ್ ಲೆಕ್ಕ ಕೊಡಲೇಬೇಕು. 27ನೇ ಕಲಮಿನಂತೆ ವೃತ್ತಿಗೆ ತಡೆ ಹಾಕುವ ಷರತ್ತು ಅಸಿಂಧು. ಕರಾರು ಮುಗಿದ ಮೇಲೂ ಆಡಲು ಬಿಡುವುದಿಲ್ಲ ಎಂಬ ಬೆದರಿಕೆ ಅಲ್ಲಿ ಬಿದ್ದುಹೋಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ನಿಮ್ಮ ಆಟಗಾರ ನೋಂದಣಿಗೆ ಯಾರ ಇಮೇಲ್, ಯಾರ ಫೋನ್ ನಂಬರ್ ಹಾಕಿದೆ ನೋಡಿ. ಬಹಳ ಸಲ ಅದು ಏಜೆಂಟರದ್ದೇ ಆಗಿರುತ್ತದೆ, ಆಗ ಸಂಸ್ಥೆಯ ಪತ್ರಗಳೆಲ್ಲ ಅವರಿಗೇ ಹೋಗುತ್ತವೆ. ಅದನ್ನು ಬದಲಿಸಿದ ಮೇಲೆಯೇ ನೋಟಿಸ್ ಕಳಿಸಿ. ಹಿಂದುಮುಂದಾದರೆ ಅವರು ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ನಿಮ್ಮನ್ನು ಹೊರಗೆ ನಿಲ್ಲಿಸಿದಂತೆ. ನೋಟಿಸನ್ನು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ: ಸಹಿ ಹಾಕಿದ ದಿನ ನಿಮ್ಮ ವಯಸ್ಸು, ದಾಖಲೆ ಮರಳಿಸಲು 15 ದಿನದ ಗಡುವು, ಇನ್ನು ನನ್ನ ಪರವಾಗಿ ಮಾತಾಡುವ ಅಧಿಕಾರ ಇಲ್ಲ ಎಂಬ ಸಾಲು. ಅದರ ಪ್ರತಿ ನಿಮ್ಮ ಕ್ಲಬ್ಬಿಗೂ ರಾಜ್ಯ ಸಂಸ್ಥೆಗೂ ಹೋಗಲಿ. ಮುಂಗಡವೋ ಸಲಕರಣೆಯೋ ಪಡೆದಿದ್ದರೆ ಮರಳಿಸಲು ಸಿದ್ಧ ಎಂದೂ ಬರೆಯಿರಿ, ಕೋರ್ಟ್ ಅದನ್ನು ಕೇಳಬಹುದು. ಅಂಕಪಟ್ಟಿಯ ನಕಲು ಪ್ರತಿಗೆ ಶಾಲೆಯ ಮೂಲಕ ಮಂಡಳಿಗೆ ಅರ್ಜಿ ಹಾಕಬಹುದು. ಅದಕ್ಕಾಗಿ ಅವರ ಕಾಲು ಹಿಡಿಯಬೇಕಿಲ್ಲ.

ಪ್ರಶ್ನೆ: ವಾಲಿಬಾಲ್ ಆಡುತ್ತೇನೆ. ರೀಲ್ಸ್‌ಗೆ ವೀಕ್ಷಕರು ಹೆಚ್ಚಿದ ಮೇಲೆ ಒಬ್ಬ ಏಜೆಂಟ್ ಹಣ ಕಟ್ಟಿ ಆಡುವ ಗೇಮ್ ಆ್ಯಪ್‌ನ ಜಾಹೀರಾತು ತಂದಿದ್ದಾರೆ, ಜೊತೆಗೆ ಪ್ರೋಟೀನ್ ಡಬ್ಬಿಯೂ ಉಚಿತ.
— ಹೊನ್ನಾವರ

ಉತ್ತರ: ಆ್ಯಪ್ ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳ ಜಾಹೀರಾತನ್ನೇ ಅಪರಾಧವೆಂದಿದೆ: ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇಂಥದ್ದನ್ನು ಹರೆಯದವರ ಮುಂದಿಡುವ ಏಜೆಂಟರ ಬಳಿ ಬೇರೆ ಮಾತುಕತೆಯೂ ಬೇಡ.

ಡಬ್ಬಿಯ ವಿಷಯ ಇನ್ನೂ ಸೂಕ್ಷ್ಮ. ಉದ್ದೀಪನ ತಡೆ ನಿಯಮದಲ್ಲಿ ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ, ‘ಏಜೆಂಟ್ ಕೊಟ್ಟರು’ ಎಂದರೆ ಬಿಡುಗಡೆಯಿಲ್ಲ. ಲೇಬಲ್‌ನಲ್ಲಿ ಇಲ್ಲದ ವಸ್ತು ಬೆರೆತ ಪೌಡರ್ ಕುಡಿದು ನಿಷೇಧಕ್ಕೊಳಗಾದವರು ಜಗತ್ತಿನೆಲ್ಲೆಡೆ ಇದ್ದಾರೆ. ಔಷಧಿ ಆದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಬಹುದು, ಆದರೆ ಪೌಡರಿನ ಕಲಬೆರಕೆಯನ್ನು ಅದು ಹಿಡಿಯದು. ಮೀನು, ಮೊಟ್ಟೆ, ಹೆಸರುಕಾಳು ಸಾಕು. ಅವರು ಕೊಟ್ಟ ಡಬ್ಬಿಯ ಸೀಲು ಒಡೆಯಬೇಡಿ. ಈಗಾಗಲೇ ಕುಡಿಯಲು ಶುರುಮಾಡಿದ್ದರೆ ನಿಲ್ಲಿಸಿ, ಲೇಬಲ್ ಮತ್ತು ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ, ಉಳಿದ ಪೌಡರನ್ನು ಡಬ್ಬಿ ಸಮೇತ ಎತ್ತಿಡಿ. ಮುಂದೆ ಪರೀಕ್ಷೆಯಲ್ಲಿ ಏನಾದರೂ ಬಂದರೆ ಪ್ರಯೋಗಾಲಯಕ್ಕೆ ಕಳಿಸಲು ಅದೇ ಬೇಕಾಗುತ್ತದೆ.