ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಬೀಗ ಬಿದ್ದ ಹಳೇ ಟಾಕೀಸು ಮತ್ತೆ ತೆರೆಯಬೇಕೆಂದರೆ

ಬಡಾವಣೆಯ ಹಳೇ ಚಿತ್ರಮಂದಿರಗಳನ್ನು ಉಳಿಸಿಕೊಳ್ಳಲು ಹೊರಟವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಕಟ್ಟಡ ದುರಸ್ತಿ, ಪ್ರೊಜೆಕ್ಷನ್ ಮತ್ತು ಧ್ವನಿ ವ್ಯವಸ್ಥೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರ: ನಮ್ಮ ಬಡಾವಣೆಯ ಚಿತ್ರಮಂದಿರಕ್ಕೆ ಹದಿನೈದು ವರ್ಷದಿಂದ ಬೀಗ. ಮಾಲೀಕರು ಈಗ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಕೆಲಸಕ್ಕೆ ಹತ್ತು ಜನ ಸಿದ್ಧರಿದ್ದೇವೆ. ಗುಡಿಸಿ, ಸಾರಿಸಿ, ಬಣ್ಣ ಬಳಿಯುವುದರಿಂದ ಶುರು ಮಾಡಬಹುದೇ?

ಉ: ಪೊರಕೆ ಬೇಡ, ಬಣ್ಣವಂತೂ ಬೇಡವೇ ಬೇಡ. ಇಷ್ಟು ವರ್ಷ ಮುಚ್ಚಿದ ಸಭಾಂಗಣದಲ್ಲಿ ಪಾರಿವಾಳ, ಬಾವಲಿಗಳ ಹಿಕ್ಕೆ ಒಣಗಿ ಪುಡಿಯಾಗಿರುತ್ತದೆ. ಒಣಪೊರಕೆಯಲ್ಲಿ ಗುಡಿಸಿದರೆ ಅದರಲ್ಲಿರುವ ಶಿಲೀಂಧ್ರದ ಬೀಜಾಣುಗಳು ಗಾಳಿಗೆದ್ದು ಶ್ವಾಸಕೋಶ ಸೇರುತ್ತವೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮಕಣ ತಡೆಯುವ ಮುಖವಾಡ ಬೇಕು. ನೀರು ಸಿಂಪಡಿಸಿ ನೆನೆಸಿ, ಆಮೇಲೆ ಗೋರಿ ಚೀಲಕ್ಕೆ ತುಂಬಬೇಕು. ಗೋಡೆಯ ಧ್ವನಿಫಲಕ, ಪ್ರೊಜೆಕ್ಟರ್ ಕೋಣೆಯ ಒಳಹೊದಿಕೆ, ಕೊಳವೆಗಳ ಸುತ್ತು, ಇಲ್ಲೆಲ್ಲ ಕಲ್ನಾರು (ಆಸ್ಬೆಸ್ಟಸ್, ಇದರ ಎಳೆ ಉಸಿರಿಗೆ ಸೇರಿದರೆ ಅಪಾಯ) ಇರಬಹುದು. ಮಾದರಿ ತೆಗೆಸಿ ಪರೀಕ್ಷೆ ಆಗುವವರೆಗೆ ಯಾವುದನ್ನೂ ಕೀಳಬೇಡಿ, ಕೊರೆಯಬೇಡಿ.

ಒಳಗೆ ಹೋಗುವ ಮೊದಲು ವಿದ್ಯುತ್ತನ್ನು ಮೀಟರಿನಲ್ಲೇ ಕಡಿತ ಮಾಡಿಸಿ. ರಬ್ಬರು ಮತ್ತು ಬಟ್ಟೆ ಸುತ್ತಿದ ಹಳೇ ತಂತಿ ಮುಟ್ಟಿದರೆ ಉದುರುತ್ತದೆ. ಅದನ್ನು ತೇಪೆ ಹಾಕಿ ಉಳಿಸುವ ದಾರಿಯಿಲ್ಲ, ಪೂರ್ತಿ ಹೊಸದೇ ಎಳೆಯಬೇಕು. ಪರಿಶೀಲನೆಗೆ ಬ್ಯಾಟರಿ ದೀಪ ಒಯ್ಯಿರಿ.

ಆಮೇಲೆ ನೋಡಬೇಕಾದದ್ದು ನೀರು, ಅದೂ ಜೋರು ಮಳೆ ಸುರಿಯುವಾಗಲೇ. ಸೋರುವ ಜಾಗ ಬಿಸಿಲಿನಲ್ಲಿ ಕಾಣುವುದಿಲ್ಲ. ಮುಕ್ಕಾಲು ಪಾಲು ಹಾನಿಯ ಬೇರು ಹುಡುಕಿದರೆ ಕಸ ಕಟ್ಟಿಕೊಂಡ ಮಳೆನೀರಿನ ದೋಣಿ, ಒಡೆದ ಇಳಿಗೊಳವೆ, ಇಲ್ಲವೇ ಗೋಡೆಗೂ ಛಾವಣಿಗೂ ನಡುವಿನ ಸಂದು ಸಿಗುತ್ತದೆ. ಇವನ್ನು ಸರಿಪಡಿಸಿ, ಮೇಲೂ ಕೆಳಗೂ ಗಾಳಿಕಿಂಡಿ ತೆಗೆದು ಗೋಡೆ ತಾನಾಗಿ ಒಣಗಲು ಬಿಡಿ. ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕೆಲಸಗಾರರ ಲೆಕ್ಕ. ಹದಿನೆಂಟು ಅಂಗುಲದ ಗೋಡೆ ಒಂದೇ ಮಗ್ಗುಲಿನಿಂದ ಒಣಗುವುದಾದರೆ ಒಂದೂವರೆ ವರ್ಷ. ಅವಸರಕ್ಕೆ ಬಿದ್ದು ಹಸಿಗೋಡೆಗೆ ಸಿಮೆಂಟ್ ಗಿಲಾವು, ಎಣ್ಣೆಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಉಪ್ಪು ಹೊರಬಂದು ಗಿಲಾವು ಹಪ್ಪಳದಂತೆ ಏಳುತ್ತದೆ, ಗೋಡೆಯೊಳಗಿನ ಉಕ್ಕಿನ ತೊಲೆ ತುಕ್ಕು ಹಿಡಿದು ಉಬ್ಬಿ ಇಟ್ಟಿಗೆಯನ್ನೇ ಸೀಳುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ದುರಸ್ತಿಗೂ ಸುಣ್ಣದ ಗಾರೆಯೇ ಬೇಕು.

ಪ್ರ: ಸಭಾಂಗಣದ ಚಾವಣಿಯಲ್ಲಿ ಹೂಬಳ್ಳಿಯ ಪ್ಲಾಸ್ಟರ್ ಕೆತ್ತನೆಯಿದೆ. ಕೆಳಗಿನಿಂದ ನೋಡಿದರೆ ಎರಡು ಮೂರು ಕಲೆ ಬಿಟ್ಟರೆ ಬಿರುಕೂ ಇಲ್ಲ. ಹಾಗೇ ಬಿಡಬಹುದಲ್ಲವೇ?

ಉ: ಇಡೀ ಕಟ್ಟಡದಲ್ಲಿ ನಮಗೆ ಅತಿ ಹೆಚ್ಚು ಭಯ ಇರುವುದು ಈ ಚಾವಣಿಯ ಮೇಲೆಯೇ. ಅದು ಗೋಡೆಯ ಮೇಲೆ ಕೂತಿಲ್ಲ, ಮೇಲಿನ ಮರದ ತೊಲೆಗಳಿಂದ ತೂಗುತ್ತಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಸೆಣಬಿನ ಬಟ್ಟೆಯ ಪಟ್ಟಿಗಳು, ಕೆಲವೆಡೆ ತಂತಿ, ಇವೇ ಅದನ್ನು ಎತ್ತಿ ಹಿಡಿದಿರುವ ಕೈಗಳು. ಅದರ ಮೇಲಿನ ಮಾಡು ಸೋರಿದಾಗ ಮೊದಲು ಕೊಳೆಯುವುದು ಆ ಸೆಣಬು. ಕೆಳಗಿನ ಕೆತ್ತನೆ ಮಾತ್ರ ಕೊನೆಯ ಕ್ಷಣದವರೆಗೂ ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ. 1901ರಲ್ಲಿ ತೆರೆದ ಲಂಡನ್ನಿನ ಅಪೊಲೊ ನಾಟಕಮಂದಿರದಲ್ಲಿ 2013ರ ಡಿಸೆಂಬರ್ 19ರಂದು ಪ್ರದರ್ಶನ ನಡೆಯುತ್ತಿರುವಾಗಲೇ ಚಾವಣಿಯ ಒಂದು ಭಾಗ ಕಳಚಿಬಿತ್ತು. 70ಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಸೆಣಬು ಮತ್ತು ಪ್ಲಾಸ್ಟರಿನ ಈ ಕಟ್ಟುಗಳು ಕಾಲಕ್ರಮದಲ್ಲಿ ಹಾಳಾಗಿದ್ದದ್ದೇ ಕಾರಣವೆಂದು ತನಿಖೆ ಹೇಳಿತು.

ಆದ್ದರಿಂದ ಪರೀಕ್ಷೆ ಮೇಲಿನಿಂದ ನಡೆಯಬೇಕು. ಪ್ಲಾಸ್ಟರಿನ ಬೆನ್ನ ಮೇಲೆ ಯಾರೂ ಕಾಲಿಡಬಾರದು. ತೊಲೆಯಿಂದ ತೊಲೆಗೆ ಹಲಗೆ ಹಾಸಿ, ಸುರಕ್ಷಾ ಹಗ್ಗ ಕಟ್ಟಿಕೊಂಡೇ ಹೋಗಬೇಕು. ದಶಕಗಳ ಧೂಳಿನ ಭಾರ ಕಡಿಮೆಯಲ್ಲ. ಅದನ್ನು ವ್ಯಾಕ್ಯೂಮ್‌ನಿಂದ ಎಳೆದರೆ ಕಟ್ಟುಗಳೂ ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದು ಕಟ್ಟಿಗೂ ಸಂಖ್ಯೆ ಕೊಟ್ಟು, ಚಿತ್ರ ತೆಗೆದು, ನಕ್ಷೆಯಲ್ಲಿ ಗುರುತಿಸಿ. ಕೈಯಲ್ಲಿ ಹಿಡಿದರೆ ಪುಡಿಯಾಗುವುದು, ತೊಲೆಯಿಂದ ಬಿಟ್ಟುಕೊಂಡಿರುವುದು, ಕಪ್ಪು ಬೂಷ್ಟು ಹಿಡಿದಿರುವುದು, ಇವೆಲ್ಲ ಸತ್ತ ಲೆಕ್ಕ. ಅವುಗಳ ಪಕ್ಕದಲ್ಲೇ ತುಕ್ಕು ಹಿಡಿಯದ ಉಕ್ಕಿನ ತಂತಿ ಮತ್ತು ಹೊಸ ಕಟ್ಟು ಹಾಕಿ, ಕೆಲವನ್ನು ಆಯ್ದು ಭಾರ ತೂಗಿಸಿ ನೋಡಬೇಕು. ಈ ಕೆಲಸ ಮುಗಿಯುವವರೆಗೆ ಕೆಳಗೆ ಬಲೆ ಕಟ್ಟಿರಲಿ, ಬಲೆ ಇದೆಯೆಂದು ಜನರನ್ನು ಒಳಗೆ ಬಿಡುವುದು ಬೇಡ. ಇನ್ನೊಂದು ತಪ್ಪು ಪದೇ ಪದೇ ಕಾಣುತ್ತೇವೆ: ಹೊಸ ಹವಾನಿಯಂತ್ರಣದ ಕೊಳವೆ, ದೀಪದ ಗೊಂಚಲುಗಳನ್ನು ಇದೇ ಕಟ್ಟುಗಳಿಗೆ ನೇತುಹಾಕುವುದು. ಅವುಗಳ ಭಾರ ನೇರವಾಗಿ ಮುಖ್ಯ ತೊಲೆಗೆ ಹೋಗಬೇಕು.

ಪ್ರ: ಪ್ರೊಜೆಕ್ಟರ್ ಕೋಣೆಯ ಕಪಾಟಿನಲ್ಲಿ ತುಕ್ಕು ಹಿಡಿದ ರೀಲು ಡಬ್ಬಿಗಳು ಸಿಕ್ಕಿವೆ. ಒಂದರಿಂದ ವಿಚಿತ್ರ ವಾಸನೆ ಬರುತ್ತಿದೆ. ತೆರೆದು ನೋಡಬಹುದೇ?

ಉ: ವಿನಿಗರ್‌ನಂತೆ ಹುಳಿ ವಾಸನೆಯಾದರೆ ಅದು ಅಸಿಟೇಟ್ ಫಿಲ್ಮು. ಹಾಳಾಗುತ್ತಿದೆ, ಆದರೆ ಬೆಂಕಿಯ ಅಪಾಯವಿಲ್ಲ. ಒಳ್ಳೆಯ ರೀಲುಗಳಿಂದ ಬೇರೆ ಮಾಡಿ, ತಂಪು ಜಾಗದಲ್ಲಿಡಿ. 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಮಿಲಿಮೀಟರ್ ಫಿಲ್ಮಾದರೆ ಅದು ನೈಟ್ರೇಟ್ ಆಗಿರಬಹುದು. ಆಗ ಮಾತು ಬೇರೆ. ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹಾಳಾದ ರೀಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಲವು ದಿನ ಇದ್ದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅಂಚಿನಲ್ಲಿ ‘ಸೇಫ್ಟಿ’ ಎಂದು ಮುದ್ರಿಸಿದ್ದರೆ ಸಾಮಾನ್ಯವಾಗಿ ನೈಟ್ರೇಟ್ ಅಲ್ಲ. ಆದರೆ ಹಳೇ ಪ್ರತಿಯಿಂದ ತೆಗೆದ ಹೊಸ ಪ್ರತಿಗೆ ಅಂಚಿನ ಅಕ್ಷರವೂ ನಕಲಾಗಿ ಬರುವುದುಂಟು, ಅದೊಂದನ್ನೇ ನೆಚ್ಚಬೇಡಿ. ಅಂಟಂಟು, ಜೇನಿನಂಥ ನೊರೆ ಅಥವಾ ಕಂದುಪುಡಿ ಕಂಡರೆ ಡಬ್ಬಿಯನ್ನು ಅಲ್ಲಾಡಿಸದೆ, ಬಿಸಿಲು ತಾಗಿಸದೆ, ಅಗ್ನಿಶಾಮಕದವರಿಗೂ ಚಲನಚಿತ್ರ ಸಂಗ್ರಹಾಗಾರಕ್ಕೂ ತಿಳಿಸಿ. ಕಸಕ್ಕೆ ಮಾತ್ರ ಎಸೆಯಬೇಡಿ. ಎಲ್ಲೂ ಉಳಿಯದ ಚಿತ್ರದ ಕೊನೆಯ ಪ್ರತಿ ಇಂಥ ಕಪಾಟುಗಳಲ್ಲೇ ಸಿಕ್ಕಿದ್ದುಂಟು.

ಪ್ರ: 12 ಮೀಟರ್ ಅಗಲದ ಪರದೆಗೆ ಎಷ್ಟು ಲೂಮೆನ್ಸ್‌ನ ಡಿಜಿಟಲ್ ಪ್ರೊಜೆಕ್ಟರ್ ಬೇಕು? ಒಬ್ಬರು ಒಂಬತ್ತು ಸಾವಿರ ಸಾಕೆನ್ನುತ್ತಾರೆ. ಹಳೇ 35 ಮಿಲಿಮೀಟರ್ ಯಂತ್ರವನ್ನು ಗುಜರಿಗೆ ಹಾಕಲೇ?

ಉ: ಒಂಬತ್ತು ಸಾವಿರ ಸಾಲದು. ಲೂಮೆನ್ಸ್ ಎಂದರೆ ಯಂತ್ರ ಸೂಸುವ ಒಟ್ಟು ಬೆಳಕಿನ ಅಳತೆ, ಲೆಕ್ಕ ಹೀಗಿದೆ. ಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರದಲ್ಲಿ ಅಗಲ ಎತ್ತರದ 2.39 ಪಟ್ಟು. ಹಾಗಾಗಿ 12 ಮೀಟರ್ ಅಗಲಕ್ಕೆ ಎತ್ತರ ಸುಮಾರು 5 ಮೀಟರ್, ವಿಸ್ತೀರ್ಣ 60 ಚದರ ಮೀಟರ್. ಪರದೆಯ ನಡುವೆ ಇರಬೇಕಾದ ಹೊಳಪು ಚದರ ಮೀಟರಿಗೆ 48 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಮಾನ). ಬಿಳಿ ಮ್ಯಾಟ್ ಪರದೆಯಾದರೆ 48 × 3.14 × 60, ಅಂದರೆ 9,000ಕ್ಕೆ ತುಸು ಹೆಚ್ಚು ಲೂಮೆನ್ಸ್. ಆದರೆ ಇದು ಪರದೆಗೆ ಮುಟ್ಟಬೇಕಾದ ಬೆಳಕು. ಸ್ಕೋಪ್ ಚಿತ್ರ ಪ್ರೊಜೆಕ್ಟರಿನ ಚಿಪ್‌ನಲ್ಲಿ 1,080 ಸಾಲುಗಳ ಪೈಕಿ 858ನ್ನು ಮಾತ್ರ ಬಳಸುತ್ತದೆ, ಸುಮಾರು ಐದನೇ ಒಂದು ಪಾಲು ಬೆಳಕು ಅಲ್ಲೇ ಹೋಯಿತು. ಅದಕ್ಕೆ ಭಾಗಿಸಿದರೆ 11,400. ಪ್ರೊಜೆಕ್ಟರ್ ಕೋಣೆಯ ಕಿಟಕಿಯ ಗಾಜು, ದನಿ ಹಾಯಲು ಪರದೆಯಲ್ಲಿರುವ ತೂತುಗಳು, ಬೆಳಕಿನ ಮೂಲ ವರ್ಷದಿಂದ ವರ್ಷಕ್ಕೆ ಮಂಕಾಗುವುದು, ಇವಕ್ಕೆಲ್ಲ ಕಾಲುಭಾಗ ಸೇರಿಸಿದರೆ ಸುಮಾರು 14,000ದ ಯಂತ್ರ ನಿಮಗೆ ತಕ್ಕದ್ದು.

ಕ್ಸೆನಾನ್ ದೀಪದ ಸೆಕೆಂಡ್ ಹ್ಯಾಂಡ್ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಆದರೆ ದೀಪವನ್ನು ಆಗಾಗ ಬದಲಿಸುತ್ತಲೇ ಇರಬೇಕು. ಅದರೊಳಗಿನ ಒತ್ತಡ ಎಷ್ಟೆಂದರೆ ತಣ್ಣಗಿರುವಾಗಲೂ ಸಿಡಿಯಬಹುದು. ಮುಖಕವಚ, ದಪ್ಪ ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಲೇಸರ್ ಮೂಲ ಸುಮಾರು 20,000 ತಾಸು ನಡೆಯುತ್ತದೆ, ತಂಪಿಗೂ ವಿದ್ಯುತ್ತಿಗೂ ಖರ್ಚು ಕಡಿಮೆ. ದಿನವೂ ಪ್ರದರ್ಶನ ಇಡುವವರಿಗೆ ನಮ್ಮ ಸಲಹೆ ಲೇಸರ್.

ಹಳೇ ಯಂತ್ರವನ್ನು ಗುಜರಿಗೆ ಹಾಕಬೇಡಿ. 1896ರಲ್ಲಿ ಸಿನೆಮಾ ಪ್ರದರ್ಶನದ ಆದ್ಯರಾದ ಫ್ರಾನ್ಸಿನ ಲುಮಿಯೇರ್ ಸಹೋದರರ ಚಿತ್ರಗಳು ಪ್ರದರ್ಶನಗೊಂಡ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಸಿನೆಮಾ 1980ರಲ್ಲಿ ಮುಚ್ಚಿ, 2015ರಲ್ಲಿ ಮತ್ತೆ ತೆರೆದಾಗ ಡಿಜಿಟಲ್ ಜೊತೆಗೆ ಫಿಲ್ಮ್ ಯಂತ್ರಕ್ಕೂ ಜಾಗ ಇಟ್ಟುಕೊಂಡಿತು. ಫಿಲ್ಮಿನಲ್ಲೇ ತೋರಿಸಬೇಕಾದ ಪ್ರತಿಗಳಿಗೆ ಸಂಗ್ರಹಾಗಾರಗಳು ಇಂಥ ಜಾಗವನ್ನೇ ಹುಡುಕುತ್ತವೆ. ಗೇಟು (ಫಿಲ್ಮು ಬೆಳಕಿನ ಮುಂದೆ ಹಾಯುವ ಕಿಂಡಿ), ಹಲ್ಲುಚಕ್ರ ಸವೆದಿವೆಯೇ ನೋಡಿ, ಎಣ್ಣೆ ಬದಲಿಸಿ, ಮೋಟರನ್ನು ಹಚ್ಚುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿ.

ಪ್ರ: ಮಾತು ಒಂದೂ ಸ್ಪಷ್ಟವಾಗಿ ಕೇಳುವುದಿಲ್ಲ, ಎಲ್ಲ ಗುಂಯ್‌ಗುಡುತ್ತದೆ. ಗೋಡೆಗೆಲ್ಲ ಸ್ಪಾಂಜು ಅಂಟಿಸಿದರೆ ಸರಿಹೋಗುತ್ತದೆಯೇ?

ಉ: ತೆಳು ಸ್ಪಾಂಜು ಕೀಚಲು ದನಿಯನ್ನಷ್ಟೇ ನುಂಗುತ್ತದೆ. ಗುಡುಗು ಹಾಗೇ ಉಳಿದು ಮಾತು ಇನ್ನೂ ಮಬ್ಬಾಗುತ್ತದೆ, ಬೆಂಕಿಗಂತೂ ಅದು ಆಹ್ವಾನ. ಮೊದಲು ಅಳೆಯಿರಿ. ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸೇಬಿನ್ ಕೊಟ್ಟ ಸೂತ್ರ ಇಂದಿಗೂ ಸಾಕು: ಅನುರಣನದ (ದನಿ ನಿಂತ ಮೇಲೂ ಉಳಿಯುವ ಗುಂಗಿನ) ಸೆಕೆಂಡು = 0.161 × ಘನಗಾತ್ರ ÷ ಒಟ್ಟು ಹೀರುವಿಕೆ (ಗೋಡೆ, ಕುರ್ಚಿಗಳು ದನಿ ನುಂಗುವ ಪ್ರಮಾಣ). ಸಭಾಂಗಣ 30 × 18 × 10 ಮೀಟರ್ ಆದರೆ 5,400 ಘನ ಮೀಟರ್. ಬಲೂನು ಒಡೆದು ಅಳೆದಾಗ 2.4 ಸೆಕೆಂಡು ಬಂತೆನ್ನಿ, ಈಗಿರುವ ಹೀರುವಿಕೆ ಸುಮಾರು 360 ಚದರ ಮೀಟರ್. ಅದು 1.1 ಸೆಕೆಂಡಿಗೆ ಇಳಿಯಬೇಕಾದರೆ 790 ಬೇಕು, 430 ಸೇರಿಸಬೇಕು.

ಮರದ ಕುರ್ಚಿ ತೆಗೆದು ದಪ್ಪ ಮೆತ್ತೆಯ 450 ಕುರ್ಚಿ ಹಾಕಿದರೆ ಅಲ್ಲೇ 170ರಷ್ಟು ಬಂತು. ಹಿಂಗೋಡೆಗೆ 100 ಮಿಲಿಮೀಟರ್ ದಪ್ಪದ ಖನಿಜ ಉಣ್ಣೆ (ಕಲ್ಲು ಕರಗಿಸಿ ತೆಗೆದ ಎಳೆಗಳ ಹೊದಿಕೆ), ಮೇಲೆ ಗಾಳಿಯಾಡುವ ಬಟ್ಟೆ ಹೊದಿಸಿದರೆ 150. ಉಳಿದದ್ದು ಪರದೆಯ ಹಿಂದಿನ ಗೋಡೆಗೆ, ಅಲ್ಲಿ ಏನು ಹೊದಿಸಿದರೂ ಯಾರಿಗೂ ಕಾಣದು. ಪಕ್ಕದ ಗೋಡೆಯ ಕೆತ್ತನೆಗಳಿಗೆ ಕೈ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ಬಾಲ್ಕನಿಯ ಹಿಂಗೋಡೆ ಬಾಗಿದ್ದರೆ ಅದು ದನಿಯನ್ನು ಕನ್ನಡಿಯಂತೆ ಒಂದೆಡೆ ಕೂಡಿಸುತ್ತದೆ. ಹೊದಿಕೆ ಅಲ್ಲಿಂದಲೇ ಶುರುವಾಗಲಿ.

ಪ್ರ: ಹಿಂದೆ 800 ಕುರ್ಚಿಗಳಿದ್ದವು. ಎಲ್ಲವನ್ನೂ ಉಳಿಸಬೇಕೇ?

ಉ: ಬೇಡ. ಹಳೇ ಸಾಲುಗಳ ನಡುವೆ ಮಂಡಿ ಚಾಚಲೂ ಜಾಗವಿರುವುದಿಲ್ಲ. ಬೆನ್ನಿನಿಂದ ಬೆನ್ನಿಗೆ 110 ಸೆಂಟಿಮೀಟರ್ ಇಡಿ, ಕುರ್ಚಿ ಅರ್ಧಕ್ಕಿಳಿದರೂ ಚಿಂತೆಯಿಲ್ಲ. ನೋಟದ ಗೆರೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ 12 ಸೆಂಟಿಮೀಟರ್ ಮೇಲೆ ಹಾದುಹೋದರೆ ಒಳ್ಳೆಯದು, 6ಕ್ಕಿಂತ ಕಡಿಮೆಯಾದರೆ ತಲೆಗಳ ನಡುವೆ ಇಣುಕಬೇಕಾಗುತ್ತದೆ. ಎರಕದ ಕಬ್ಬಿಣದ ಪಕ್ಕಚೌಕಟ್ಟುಗಳನ್ನು ಉಳಿಸಿ, ಮೆತ್ತೆ ಮಾತ್ರ ಬದಲಿಸಿ. ಬಾಗಿಲುಗಳು ಹೊರಕ್ಕೆ ತೆರೆಯಬೇಕು, ಒಳಗಿನಿಂದ ತಳ್ಳಿದರೆ ಸಾಕಾಗಬೇಕು, ಸರಪಳಿಯಂತೂ ಇರಲೇಬಾರದು.

ಪ್ರ: ಒಂದೇ ಪರದೆಯಾದರೆ ನಷ್ಟ ಖಚಿತ, ಗೋಡೆ ಕಟ್ಟಿ ಮೂರು ಮಾಡಿ ಎನ್ನುತ್ತಾರೆ. ಒಪ್ಪಲೇ?

ಉ: ಒಪ್ಪಬೇಡಿ. ಮೂರು ಪರದೆಗೆ ಮೂರು ಪ್ರೊಜೆಕ್ಟರ್, ಮೂರು ಕಡೆ ಹೊರದಾರಿ ಬೇಕು. ಒಂದರ ಗುಡುಗು ಇನ್ನೊಂದಕ್ಕೆ ಕೇಳದಂತೆ ತಡೆಯಲು ನಡುವೆ ಸಂದು ಬಿಟ್ಟ ಜೋಡಿಗೋಡೆ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಜನ ನೋಡಲು ಬರುವ ಆ ಸಭಾಂಗಣವೇ ಉಳಿದಿರುವುದಿಲ್ಲ.

ಲೆಕ್ಕವನ್ನು ಕುರ್ಚಿಯಲ್ಲಿ ಹಾಕಿ. ತೆರಿಗೆ, ವಿತರಕರ ಪಾಲು ಕಳೆದು ಒಂದು ಟಿಕೆಟಿನಲ್ಲಿ ನಿಮ್ಮ ಕೈಗೆ ಉಳಿಯುವ ಹಣದಿಂದ ತಿಂಗಳ ಸ್ಥಿರ ಖರ್ಚನ್ನು ಭಾಗಿಸಿ. ಉತ್ತರ 6,000 ಬಂತೆನ್ನಿ. 400 ಕುರ್ಚಿ, ದಿನಕ್ಕೆ ಮೂರು ಆಟವಾದರೆ ತಿಂಗಳಿಗೆ 36,000 ಕುರ್ಚಿ, ಆರರಲ್ಲಿ ಒಂದು ತುಂಬಿದರೆ ಮಂದಿರ ನಿಲ್ಲುತ್ತದೆ. ಕಷ್ಟ ಬರುವುದು ಎಲ್ಲ ಆಟಗಳನ್ನೂ ವಾರಗಟ್ಟಲೆ ಒಂದೇ ಚಿತ್ರಕ್ಕೆ ಮೀಸಲಿಡಿ ಎನ್ನುವ ಒಪ್ಪಂದದಿಂದ. ಎರಡನೇ ವಾರದಿಂದ ಬೆಳಗಿನ ಆಟ ನಿಮ್ಮದಾಗಿರಲಿ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಶಾಲಾ ಪ್ರದರ್ಶನ, ಹಳೇ ಚಿತ್ರ, ಸಂಗೀತ, ನಾಟಕ ಎಲ್ಲಕ್ಕೂ ಅದು ಒದಗುತ್ತದೆ. 1926ರಲ್ಲಿ ಕಟ್ಟಿದ ಅಮೆರಿಕದ ಟ್ಯಾಂಪಾ ಥಿಯೇಟರು 1970ರ ದಶಕದಲ್ಲಿ ನಗರಾಡಳಿತದ ಕೈಸೇರಿ ನೆಲಸಮವಾಗುವುದು ತಪ್ಪಿತು. ಹೋಳಾಗದೆ ಉಳಿದ ಆ ಸಭಾಂಗಣದಲ್ಲಿ ಇಂದಿಗೂ ಚಿತ್ರವೂ ಸಂಗೀತ ಕಛೇರಿಯೂ ನಡೆಯುತ್ತವೆ. ಇನ್ನು ದೇಣಿಗೆ ಬಂದ ಹಣವನ್ನೆಲ್ಲ ದುರಸ್ತಿಗೇ ಸುರಿಯಬೇಡಿ. ಆರು ತಿಂಗಳ ನಿರ್ವಹಣೆಯ ಹಣ ಪ್ರತ್ಯೇಕ ಖಾತೆಯಲ್ಲಿ ಇರುವವರೆಗೆ ಉದ್ಘಾಟನೆಯ ದಿನ ಗೊತ್ತುಮಾಡಬೇಡಿ.

ಪ್ರ: ಮುಂಭಾಗದ ನಿಯಾನ್ ಹೆಸರುಫಲಕ ಉರಿಯುತ್ತಿಲ್ಲ. ಎಲ್ಇಡಿ ಪಟ್ಟಿ ಹಾಕಿಬಿಡಲೇ?

ಉ: ಗಾಜಿನ ಕೊಳವೆ ಒಡೆಯದಿದ್ದರೆ ಮುಕ್ಕಾಲು ಪಾಲು ಅದಿನ್ನೂ ಬದುಕಿರುತ್ತದೆ. ಕೆಟ್ಟಿರುವುದು ಟ್ರಾನ್ಸ್‌ಫಾರ್ಮರು ಇಲ್ಲವೇ ಬಿರುಕುಬಿಟ್ಟ ಹೈವೋಲ್ಟೇಜ್ ತಂತಿ. ಅಲ್ಲಿ 15,000 ವೋಲ್ಟ್‌ವರೆಗೂ ಇರುವುದರಿಂದ ನಿಯಾನ್ ಕೆಲಸ ಬಲ್ಲವರನ್ನೇ ಕರೆಸಿ, ಒಂದೊಂದೇ ಅಕ್ಷರವನ್ನು ಬಿಡಿಯಾಗಿ ಪರೀಕ್ಷಿಸಲಿ. ಕೆಂಪು ಅಕ್ಷರದಲ್ಲಿ ನಿಯಾನ್ ಅನಿಲ, ನೀಲಿಯಲ್ಲಿ ಆರ್ಗಾನ್ ಜೊತೆ ಪಾದರಸ. ನೀಲಿ ಕೊಳವೆ ಒಡೆದರೆ ಬರಿಗೈಯಲ್ಲಿ ಗುಡಿಸಬೇಡಿ. ಫಲಕ ಇಳಿಸುವ ಮೊದಲು ಎದುರಿನಿಂದ ನೇರವಾಗಿ, ಅಳತೆಗೋಲು ಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಳ್ಳಿ. ಒಂದು ಅಕ್ಷರ ಒಡೆದರೂ ಅದೇ ಬಳುಕಿನಲ್ಲಿ ಗಾಜು ಬಗ್ಗಿಸಲು ಕುಶಲಕರ್ಮಿಗೆ ಆ ಚಿತ್ರವೇ ಅಚ್ಚು.