ಬೀಜೋಪಚಾರ ಮಾಡಿದ ಗೋವಿನಜೋಳ ಮರುವರ್ಷಕ್ಕೆ ಬಂದೀತೆ?

ಪ್ರಶ್ನೆ: ಕಳೆದ ಮುಂಗಾರಿನಲ್ಲಿ ಕೊಂಡ ಗೋವಿನಜೋಳದ ಹೈಬ್ರಿಡ್ ಬೀಜದಲ್ಲಿ ಒಂದು ಪೊಟ್ಟಣ ಉಳಿದಿದೆ. ಕೆಂಪು ಔಷಧ ಲೇಪಿಸಿರುವುದರಿಂದ ಅದು ಕೆಟ್ಟಿರಲಾರದು ಎನ್ನುತ್ತಾರೆ. ಈ ವರ್ಷ ಬಿತ್ತಬಹುದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಲೇಪನವು ಬೀಜವನ್ನು ಶಿಲೀಂಧ್ರ ಮತ್ತು ಕೀಟಗಳಿಂದ ಕಾಯುತ್ತದೆಯೇ ಹೊರತು ಅದರ ವಯಸ್ಸನ್ನು ತಡೆಯುವುದಿಲ್ಲ. ಥೈರಮ್, ಕ್ಯಾಪ್ಟಾನ್‌ಗಳಂತಹ ಶಿಲೀಂಧ್ರನಾಶಕಗಳು ಸಂಗ್ರಹದಲ್ಲಿ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಆದರೆ ಕೀಟನಾಶಕವೂ ಸೇರಿದ್ದು, ಒಕ್ಕಣೆಯಲ್ಲಿ ಸಿಪ್ಪೆ ಬಿರಿದ ಕಾಳುಗಳಿದ್ದರೆ, ಔಷಧವು ಭ್ರೂಣದವರೆಗೆ ಇಳಿದು, ತಿಂಗಳುಗಳು ಕಳೆದಂತೆ ಮೊಳಕೆಯ ಕಸುವನ್ನು ಕುಂದಿಸಬಹುದು. ಈ ಕಸುವು ಮೊಳಕೆಯ ಪ್ರಮಾಣಕ್ಕಿಂತ ಮೊದಲೇ ಕುಗ್ಗುವುದರಿಂದ, ಮನೆಯಲ್ಲಿ ಚೆನ್ನಾಗಿ ಮೊಳೆತ ಬೀಜವೂ ಹೊಲದ ತಂಪು ಮಣ್ಣಿನಲ್ಲಿ ಸೋಲುವುದುಂಟು.

ಔಷಧಕ್ಕಿಂತ ತೇವಾಂಶ ಮತ್ತು ಉಷ್ಣತೆಗಳೇ ಹೆಚ್ಚು ನಿರ್ಣಾಯಕ ಎಂಬುದು ನನ್ನ ಅಭಿಪ್ರಾಯ. ಬೀಜದೊಳಗಿನ ತೇವಾಂಶ ಶೇ 1ರಷ್ಟು ಇಳಿದರೆ ಅಥವಾ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೆ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜಶಾಸ್ತ್ರದ ಹಳೆಯ ಸೂತ್ರ. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪೊಟ್ಟಣವನ್ನು ಯಾವ ಲೇಪನವೂ ಉಳಿಸಲಾರದು.

ಚೀಟಿಯಲ್ಲಿರುವ ಅವಧಿ ಮುಗಿದಿದ್ದರೆ, ಕೈಗವಸು ಧರಿಸಿ ನೂರು ಕಾಳುಗಳನ್ನು ಒದ್ದೆ ಮರಳಿನಲ್ಲಿ ಹಾಕಿ ನೋಡಿ. ಮರಳಿನ ಬದಲು ಒದ್ದೆ ಕಾಗದದ ಮೇಲೆ ಮೊಳೆಸಿದರೆ ಔಷಧ ಬೇರಿನ ಬಳಿಯೇ ಸಾಂದ್ರವಾಗಿ, ಒಳ್ಳೆಯ ಬೀಜವೂ ಸೊಟ್ಟಗೆ ಮೊಳೆಯಬಹುದು. ತೊಂಬತ್ತಕ್ಕಿಂತ ಬಹಳ ಕಡಿಮೆ ಮೊಳೆತರೆ ಬಿತ್ತಬೇಡಿ. ಉಳಿದುದನ್ನು ಕೋಳಿಗಾಗಲಿ ದನಕ್ಕಾಗಲಿ ಹಾಕಲೇಬಾರದು, ತೊಳೆದರೂ ವಿಷ ಹೋಗುವುದಿಲ್ಲ.